ಪದ್ಮಿನಿ ರೇಸ್ ಕಾರು: ಫ್ಲೈವೀಲ್, ಕ್ಲಚ್ ಪ್ರಶ್ನೆಗೆ ಉತ್ತರ

ಬಳ್ಳಾರಿಯ ಗೆಳೆಯರು ಕೇಳಿದ್ದು ಇಷ್ಟು: ಹಳೇ ಪ್ರೀಮಿಯರ್ ಪದ್ಮಿನಿಯನ್ನು ಹವ್ಯಾಸಿ ರೇಸಿಗೆ ಸಜ್ಜು ಮಾಡ್ತಿದ್ದಾರೆ, ಎಂಜಿನ್ 6500 ಆರ್‌ಪಿಎಂವರೆಗೆ ಹೋಗ್ತದೆ. ಮೂಲ ಫ್ಲೈವೀಲನ್ನೇ (ಎಂಜಿನ್ ಹಿಂಬದಿಯಲ್ಲಿ ತಿರುಗುವ ಭಾರದ ಚಕ್ರ) ಲೇತಿಗೆ ಹಾಕಿ ಹಗುರ ಮಾಡಿಸಿ, ಬೆಲ್ ಹೌಸಿಂಗ್ (ಫ್ಲೈವೀಲ್, ಕ್ಲಚ್ ಮುಚ್ಚುವ ಗೂಡು) ಸುತ್ತ 2 ಮಿ.ಮೀ. ತಗಡು ಕಟ್ಟಿದರೆ ಸ್ಕ್ರೂಟಿನಿಯಲ್ಲಿ, ಅಂದರೆ ರೇಸಿಗೆ ಮುಂಚಿನ ಕಾರು ತಪಾಸಣೆಯಲ್ಲಿ, ಪಾಸಾಗ್ತದಾ?

ಪಾಸಾದರೂ ಓಡಿಸಬೇಡಿ. ಲೆಕ್ಕ ನೋಡಿ. 280 ಮಿ.ಮೀ. ವ್ಯಾಸದ ಫ್ಲೈವೀಲ್ 6500ರಲ್ಲಿ ತಿರುಗುವಾಗ ಅಂಚಿನ ವೇಗ ಸೆಕೆಂಡಿಗೆ 95 ಮೀಟರ್, ಅಂದರೆ ಗಂಟೆಗೆ 340 ಕಿ.ಮೀ. ಆಸುಪಾಸು. ಒಳಗಿನ ಎಳೆತ ವೇಗದ ವರ್ಗದಂತೆ ಏರ್ತದೆ. 5000ದಿಂದ 6500ಕ್ಕೆ ಹೋದರೆ ಸುಮಾರು 1.7 ಪಟ್ಟು. ಬೋಲ್ಟ್ ತೂತಿನ ಅಂಚಿನಲ್ಲಿ ಅದು ಮತ್ತೆ ಎರಡು-ಮೂರು ಪಟ್ಟಾಗ್ತದೆ. ಹಳೇ ಫ್ಲೈವೀಲ್ ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಎಫ್‌ಜಿ 200 ದರ್ಜೆಯ ಬೀಡು ತಡೆಯೋದು 200 ಮೆಗಾಪಾಸ್ಕಲ್ ಎಳೆತ, ಅದೂ ಹೊಸದಿದ್ದಾಗ. ಬೀಡು ಬಾಗೋದಿಲ್ಲ, ಮುನ್ಸೂಚನೆ ಕೊಡೋದಿಲ್ಲ, ಒಮ್ಮೆಗೇ ಒಡೀತದೆ. ಒಡೆದ ತುಂಡು ಹಾರುವ ಸಮತಲದಲ್ಲೇ ನಿಮ್ಮ ಪಾದ ಇರ್ತವೆ. ಕೊಪ್ಪಳ ಕಡೆ ಫೌಂಡ್ರಿ ಇದೆ, ಹೊಸದು ಹೊಯ್ಸಿಕೊಳ್ಳೋಣ ಅಂದುಕೊಂಡರೂ ಅದೂ ಬೀಡೇ.

ಇಎನ್8 ಅಥವಾ ಇಎನ್24 ದರ್ಜೆಯ ಉಕ್ಕಿನ ಫೋರ್ಜಿಂಗ್ (ಬಡಿದು ರೂಪಿಸಿದ ತುಂಡು) ತರಿಸಿ, ಅಲ್ಟ್ರಾಸಾನಿಕ್ ಪರೀಕ್ಷೆಯ ವರದಿ ಮತ್ತು ಮೆಟೀರಿಯಲ್ ಸರ್ಟಿಫಿಕೇಟ್ ಜೊತೆಗೆ. ತೋರಣಗಲ್ಲಿನಲ್ಲಿ ಉಕ್ಕು ಕಾಯಿಸ್ತಾರೆ ಅಂತ ಗುಜರಿಯಿಂದ ದರ್ಜೆ ಗೊತ್ತಿಲ್ಲದ ದುಂಡು ಉಕ್ಕಿನ ತುಂಡು ಎತ್ತಿಕೊಂಡು ಬರಬೇಡಿ. ತೂಕ ಇಳಿಸೋದಿದ್ದರೆ ಹೊರ ಅಂಚಿನಿಂದ ಇಳಿಸಿ. ಲಾಭವೂ ಅಲ್ಲೇ ಹೆಚ್ಚು. ಬೋಲ್ಟ್ ತೂತುಗಳ ಸುತ್ತ ಕೈ ಹಾಕಬೇಡಿ. ದಪ್ಪ ಬದಲಾಗುವ ಮೂಲೆಗಳಲ್ಲಿ ಕನಿಷ್ಠ 3 ಮಿ.ಮೀ. ತ್ರಿಜ್ಯ ಬಿಡಿಸಿ. ಲೇತಿನವರು ಚೂಪು ಟೂಲಿನಿಂದ ಚೌಕ ಮೂಲೆ ಕೊಟ್ಟರೆ ಬಿರುಕು ಹುಟ್ಟೋದು ಅಲ್ಲೇ. ಕ್ರ್ಯಾಂಕಿಗೆ ಕೂರಿಸಿದ ಮೇಲೆ ಡಯಲ್ ಗೇಜಿನಲ್ಲಿ ಮುಖದ ಓಲಾಟ (ರನ್‌ಔಟ್) 0.1 ಮಿ.ಮೀ. ದಾಟಬಾರದು. ಬೋಲ್ಟ್ ಹೊಸದೇ ಇರಲಿ, ಟಾರ್ಕ್ ಎಂಜಿನ್ ಮ್ಯಾನ್ಯುಯಲ್ ಹೇಳಿದಷ್ಟು.

ಬ್ಯಾಲೆನ್ಸ್ ಮಾಡಿಸುವಾಗ ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತುವ ಭಾಗ) ಸಮೇತ ಮಾಡಿಸಿ, ಎರಡಕ್ಕೂ ಸೇರಿ ಗುರುತು ಹಾಕಿ. 7 ಕೆ.ಜಿ. ಜೋಡಿಗೆ 6500ರಲ್ಲಿ ಬ್ಯಾಲೆನ್ಸಿನ ಜಿ2.5 ದರ್ಜೆ ಅಂದರೆ ಉಳಿಯಬಹುದಾದ ಅಸಮತೋಲ ಸುಮಾರು 26 ಗ್ರಾಂ-ಮಿ.ಮೀ., ಅಂದರೆ 130 ಮಿ.ಮೀ. ತ್ರಿಜ್ಯದಲ್ಲಿ 0.2 ಗ್ರಾಂ. ಕತ್ತಿ ಅಂಚಿನ ಮೇಲೆ ಉರುಳಿಸಿ ನೋಡೋ ನಮ್ಮೂರ ಪದ್ಧತಿ ಇದಕ್ಕೆ ಸಾಲದು.

ಇನ್ನು ಎಲ್ಲರೂ ಮರೆಯೋದು ಕ್ಲಚ್ ಪ್ಲೇಟ್. ಆರ್‌ಪಿಎಂ ಮಿತಿ ದಾಟದಂತೆ ತಡೆಯೋ ರೆವ್ ಲಿಮಿಟರ್ ಇದೆಯಲ್ಲ ಅಂತೀರಿ, ಅದು ಎಂಜಿನ್ನಿಗೆ ಮಾತ್ರ. ನಾಲ್ಕನೇ ಗೇರಿನಲ್ಲಿ 5500ರಲ್ಲಿ ಹೋಗ್ತಾ ಮೂರಕ್ಕೆ ಹಾಕೋ ಬದಲು ಎರಡಕ್ಕೆ ಬಿತ್ತು ಅನ್ನಿ. ಕ್ಲಚ್ ಪೆಡಲ್ ಒತ್ತಿರೋದ್ರಿಂದ ಎಂಜಿನ್ ಸುಮ್ಮನಿರ್ತದೆ, ಆದರೆ ಚಕ್ರಗಳು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಮೂಲಕ ಪ್ಲೇಟನ್ನು ತಿರುಗಿಸ್ತವೆ. ನಾಲ್ಕನೇ ಗೇರಿನ ಅನುಪಾತ 1, ಎರಡನೆಯದು 2.3 ಅಂತಿಟ್ಟರೆ ಅದು 12,650 ಆರ್‌ಪಿಎಂ. ರಿವೆಟ್ ಹೊಡೆದ ಹಳೇ ಲೈನಿಂಗ್ ಆ ವೇಗದಲ್ಲಿ ಕಿತ್ತು ಹಾರ್ತದೆ, ಟ್ಯಾಕೋಮೀಟರಿನಲ್ಲಿ ಏನೂ ಕಾಣೋದಿಲ್ಲ. ಹಾಗಾಗಿ ಮರು-ಲೈನಿಂಗ್ ಮಾಡಿದ ಪ್ಲೇಟ್ ರೇಸಿಗೆ ಬೇಡವೇ ಬೇಡ. ರಕ್ಷಾಕವಚವೂ ಫ್ಲೈವೀಲಿಗಷ್ಟೇ ಅಲ್ಲ, ಕ್ಲಚ್ ಪೂರ್ತಿ ಮುಚ್ಚೋ ಹಾಗಿರಬೇಕು.

ಕವಚಕ್ಕೆ 2 ಮಿ.ಮೀ. ತಗಡು ಬರೀ ಸಮಾಧಾನಕ್ಕೆ. ಅಮೆರಿಕದ ಹವ್ಯಾಸಿ ರೇಸ್ ನಿಯಮಗಳಲ್ಲಿ ನಡೆದು ಬಂದ ಅಳತೆ: 4130 ಅಲಾಯ್ ಸ್ಟೀಲಾದರೆ ಕಾಲಿಂಚಿನ ಅರ್ಧ (3.2 ಮಿ.ಮೀ.), ಸಾದಾ ಮೈಲ್ಡ್ ಸ್ಟೀಲಾದರೆ ಕಾಲಿಂಚು (6.35 ಮಿ.ಮೀ.). ನಮ್ಮಲ್ಲಿ ಮೈಲ್ಡ್ ಸ್ಟೀಲೇ ಸುಲಭ. ತೂಕ ಹೆಚ್ಚಾಗ್ತದೆ, ಆಗಲಿ. ಫ್ಲೈವೀಲಿನ ಮುಂದೆ 25 ಮಿ.ಮೀ., ಪ್ರೆಶರ್ ಪ್ಲೇಟಿನ ಹಿಂದೆ 25 ಮಿ.ಮೀ. ಚಾಚಿರಲಿ. ಅಲ್ಯೂಮಿನಿಯಂ ಬೆಲ್ ಹೌಸಿಂಗಿಗೆ ಬೆಸುಗೆ ಹಾಕಿ ನಿಲ್ಲಿಸಬೇಡಿ. ಹೌಸಿಂಗ್ ಚೂರಾದರೆ ಕವಚವೂ ಅದರ ಜೊತೆಗೇ ಹೋಗ್ತದೆ. ಬಾಡಿಯ ಗಟ್ಟಿ ಜಾಗಕ್ಕೆ ಬೇರೆ ಬ್ರ್ಯಾಕೆಟ್ ಹಾಕಿ, 10.9 ದರ್ಜೆಯ ಬೋಲ್ಟಿನಿಂದ ಬಿಗಿಯಿರಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಬ್ಯಾಟರಿ ಕೇಬಲ್ ತುಂಡು ಹಾರಬಹುದಾದ ಆ ಪಟ್ಟಿಯಲ್ಲಿ ಹಾದುಹೋಗ್ತಿದ್ದರೆ ಜಾಗ ಬದಲಿಸಿ.

ಮೇಲ್ಮೈಯ ಬಿರುಕು ಹುಡುಕೋಕೆ ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಸಾಕು: ಕ್ಲೀನರ್, ಕೆಂಪು ಡೈ 10-15 ನಿಮಿಷ, ಬಟ್ಟೆಯಿಂದ ಒರೆಸಿ ಬಿಳಿ ಡೆವಲಪರ್, ಮತ್ತೆ 10 ನಿಮಿಷ. ಒರೆಸುವಾಗ ಕ್ಲೀನರನ್ನು ನೇರ ಭಾಗದ ಮೇಲೆ ಚಿಮುಕಿಸಿದರೆ ಬಿರುಕಿನೊಳಗಿನ ಡೈಯೂ ತೊಳೆದುಹೋಗ್ತದೆ. ಇದು ಸಾಮಾನ್ಯವಾಗಿ ಲೋಹ 5ರಿಂದ 52 ಡಿಗ್ರಿ ಇದ್ದಾಗ ಮಾಡೋ ಪರೀಕ್ಷೆ. ಏಪ್ರಿಲ್-ಮೇನಲ್ಲಿ ರಾಯಚೂರು, ಬಳ್ಳಾರಿ ಬಿಸಿಲಿಗೆ ಅಂಗಳದಲ್ಲಿಟ್ಟ ಫ್ಲೈವೀಲ್ ಅದನ್ನು ಸುಲಭವಾಗಿ ದಾಟ್ತದೆ, ಡೈ ಬಿರುಕಿನೊಳಗೇ ಒಣಗಿ ಏನೂ ತೋರಿಸೋದಿಲ್ಲ. ನೆರಳಲ್ಲಿ ಬೆಳಗ್ಗೆ ಮಾಡಿ. ಅದಿರಿನ ಕೆಂಪು ಧೂಳು ಡೆವಲಪರ್ ಮೇಲೆ ಕೂತರೂ ಡೈ ಅಂತಲೇ ಕಾಣ್ತದೆ, ಮೊದಲು ಚೆನ್ನಾಗಿ ತೊಳೀರಿ. ಉಜ್ಜುವ ಮುಖದಲ್ಲಿ ಕೂದಲೆಳೆಯ ಜಾಲ ಕಂಡರೆ ಶಾಖದ ಗುರುತು. ಆದರೆ ಒಂದೇ ಗೆರೆ ಬೋಲ್ಟ್ ತೂತಿಗೋ ಅಂಚಿಗೋ ಮುಟ್ಟಿದ್ದರೆ ಗುಜರಿಗೆ ಹಾಕಿ, ಬೆಸುಗೆ ಮಾತು ಬೇಡ.

ಪಾಸಾಗೋ ವಿಷಯ: ಅಮೆರಿಕದ ರೇಸ್ ಸುರಕ್ಷತಾ ಸಂಸ್ಥೆ ಎಸ್‌ಎಫ್‌ಐನ 1.1 ಫ್ಲೈವೀಲ್-ಕ್ಲಚ್ ಮಾನದಂಡ, 6.1 ಬೆಲ್ ಹೌಸಿಂಗಿನದು. ಊರಿನ ಲೇತಿನಲ್ಲಿ ಮಾಡಿಸಿದ್ದಕ್ಕೆ ಆ ಸ್ಟಿಕ್ಕರ್ ಸಿಗೋದಿಲ್ಲ. ನಿಮ್ಮ ಸ್ಪರ್ಧೆಯ ಪೂರಕ ನಿಯಮಾವಳಿ ತರಿಸಿಕೊಂಡು, ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟ) ಅಡಿಯ ಸ್ಪರ್ಧೆಯಾದರೆ ಆ ವರ್ಷದ್ದೇ ಓದಿ. ಸ್ಟಿಕ್ಕರ್ ಕೇಳಿದ್ದಾರಾ, ಕವಚ ಸಾಕಾ ಅಂತ ಸ್ಕ್ರೂಟಿನಿಯರ್‌ಗೆ ಮೊದಲೇ ಬರೆದು ಉತ್ತರವನ್ನೂ ಬರವಣಿಗೆಯಲ್ಲೇ ತಗೊಳ್ಳಿ. ಮೆಟೀರಿಯಲ್ ಸರ್ಟಿಫಿಕೇಟು, ಬ್ಯಾಲೆನ್ಸ್ ವರದಿ, ಕವಚದ ದಪ್ಪ ಅಳೆಯುವ ಫೋಟೋ ಒಂದೇ ಫೈಲಿನಲ್ಲಿರಲಿ. ಗೇರ್‌ಬಾಕ್ಸ್ ಕೂರಿಸುವ ಮುಂಚೆಯೇ ಫೋಟೋ ತೆಗೀರಿ, ಆಮೇಲೆ ಅದನ್ನು ಇಳಿಸದೆ ತೋರಿಸೋಕಾಗಲ್ಲ.