ಯಜಮಾನರ ಜೊತೆ ವಾಕಿಂಗ್ ಯಾಕೆ ನಿಂತುಹೋಯಿತು?

(ನನ್ನ ಬಳಿ ಸಲಹೆಗೆ ಬಂದವರೊಬ್ಬರ ಕಥೆಯಿದು. ಬರೆಯಲು ಅವರ ಒಪ್ಪಿಗೆಯಿದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೈಸೂರಿನ ಗೃಹಿಣಿ, ಐವತ್ತು ದಾಟಿದವರು. ಸಕ್ಕರೆ ಕಾಯಿಲೆ ಬಂದಿದೆ, ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ ಎಂದು ವೈದ್ಯರು ಹೇಳಿದ್ದರು. ಶೂ ಕೊಂಡಾಗಿತ್ತು, ಜಿಮ್‌ಗೆ ದುಡ್ಡು ಕಟ್ಟಿ ಬಿಟ್ಟೂ ಆಗಿತ್ತು. "ನಾನು ಸೋಮಾರಿ ಮೇಡಂ" ಎಂದೇ ಮಾತು ಶುರುಮಾಡಿದರು. ನಿದ್ದೆ, ಊಟ, ಆಸಕ್ತಿ ಎಲ್ಲ ವಿಚಾರಿಸಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಬೆಳಗ್ಗೆ ಐದಕ್ಕೆದ್ದು ಇಡೀ ಮನೆ ನಡೆಸುವವರು ಸೋಮಾರಿ ಎಂದರೆ ನಾನು ಒಪ್ಪುವುದಿಲ್ಲ.

ಕೊನೆಯ ಸಲ ವಾಕಿಂಗ್ ಹೋದಾಗ ಏನೇನಾಯಿತು, ಬಿಡಿಸಿ ಹೇಳಿ ಎಂದೆ. ಕುಕ್ಕರಹಳ್ಳಿ ಕೆರೆಯ ಏರಿ. ಯಜಮಾನರು ಹಳೇ ವಾಕರ್, ದಾಪುಗಾಲು. ಮುಂದೆ ಹೋಗಿ ಬೆಂಚಿನ ಹತ್ತಿರ ನಿಂತು ಕಾಯುವರು. ಈಕೆ ಏದುಸಿರು ಬಿಡುತ್ತಾ ಹತ್ತಿರ ಬರುವಷ್ಟರಲ್ಲಿ "ಬಂದ್ಯಾ? ನಡಿ" ಎಂದು ಮತ್ತೆ ಹೊರಡುವರು. ದಣಿವಾರಿಸಿಕೊಳ್ಳಲು ಅವರಿಗೆ ಸಮಯ ಸಿಗುತ್ತಿತ್ತು, ಈಕೆಗೆ ಒಂದು ಗಳಿಗೆಯೂ ಇಲ್ಲ. "ನನ್ನಿಂದ ಇವರ ವಾಕಿಂಗೂ ಹಾಳು ಅನ್ನಿಸ್ತು. ಮಂಡಿನೋವು ಅಂತ ಸುಳ್ಳು ಹೇಳಿ ಮನೇಲೇ ಉಳಿದೆ." ಯಜಮಾನರನ್ನು ದೂರಲಾರೆ. ಕಾಯುತ್ತಿದ್ದೇನಲ್ಲ, ಇನ್ನೇನು ಬೇಕು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ವ್ಯಾಯಾಮಕ್ಕೆ ಜೊತೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಂಥ ಜೊತೆ ಎಂಬುದನ್ನು ಯಾರೂ ಕೇಳುವುದಿಲ್ಲ. 1920ರ ದಶಕದಲ್ಲಿ ಜರ್ಮನಿಯ ಮನೋವಿಜ್ಞಾನಿ ಒಟ್ಟೋ ಕೋಹ್ಲರ್, ಬರ್ಲಿನ್‌ನಲ್ಲಿ ದೋಣಿ ಸ್ಪರ್ಧಿಗಳಿಂದ ಭಾರ ಎತ್ತಿಸಿ ನೋಡಿದರು. ಕಸುವು ಕಡಿಮೆ ಇದ್ದವರು ಒಂಟಿಯಾಗಿದ್ದಾಗಿನಕ್ಕಿಂತ ಜೊತೆಯಿದ್ದಾಗ ಹೆಚ್ಚು ತಾಳಿಕೊಂಡರು. ಆದರೆ ಇಬ್ಬರ ನಡುವಿನ ಅಂತರ ಹದವಾಗಿದ್ದಾಗಲೇ ಈ ಲಾಭ ಹೆಚ್ಚು. ತೀರಾ ಮುಂದಿರುವವರ ಜೊತೆ ಮನಸ್ಸು ಕೈಚೆಲ್ಲುತ್ತದೆ.

ಎದುರುಮನೆಯ ಗೆಳತಿ ಈಕೆಗಿಂತ ಸ್ವಲ್ಪ ಚುರುಕು. ಬೆಳಗಿನ ನಡಿಗೆ ಅವರ ಜೊತೆ ಮಾಡಿ ಎಂದೆ. "ಬರ್ತೀರಾ?" ಎಂದು ಬೆಳಗ್ಗೆ ಫೋನ್ ಮಾಡುವುದು ಬೇಡ, ಕೇಳಿದರೆ "ಇವತ್ತು ಬೇಡ" ಎನ್ನಲು ದಾರಿ ತೆರೆದ ಹಾಗೆ. ಆರು ಗಂಟೆಗೆ ಗೇಟಿನ ಮುಂದೆ ನಿಲ್ಲುವುದು, ಐದು ನಿಮಿಷ ನೋಡುವುದು, ಬರದಿದ್ದರೆ ಒಬ್ಬರೇ ಹೊರಡುವುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ತೂಕ, ಶುಗರ್ ಅಂಕಿಗಳನ್ನು ಇಬ್ಬರೂ ಹೋಲಿಸಿಕೊಳ್ಳಬಾರದು. ಕೆಲವು ಮಾತ್ರೆಗಳಿಂದ ನಡೆಯುವಾಗ ಸಕ್ಕರೆ ಅಂಶ ಕುಸಿಯಬಹುದು, ಹಾಗಾಗಿ ವೈದ್ಯರನ್ನು ಕೇಳಿ ಎಂದೆ. ಪರ್ಸಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಲೂ, ಗೆಳತಿಗೆ ಈ ವಿಷಯ ತಿಳಿಸಲೂ ಹೇಳಿದೆ.

ಯಜಮಾನರನ್ನೂ ಒಮ್ಮೆ ಕರೆಸಿದೆ. ರಾತ್ರಿ ಊಟದ ನಂತರ ಹದಿನೈದು ನಿಮಿಷ ಇಬ್ಬರೂ ನಡೆಯಿರಿ, ಆದರೆ ಮುಂದೆ ಆಕೆ ಇರಲಿ, ವೇಗವೂ ಆಕೆಯದೇ ಎಂದೆ. ಮಂಡಿನೋವು ನಿಜವಲ್ಲವೆಂದು ಹೆಂಡತಿಯ ಬಾಯಲ್ಲೇ ಕೇಳಿ ಅವರು ತುಸುಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲೇ ಹೇಳಬಾರದಿತ್ತಾ?" ಎಂದರು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಗೆಳತಿ ಮಗಳ ಬಾಣಂತನಕ್ಕೆಂದು ಹೊರಟರು, ಈಕೆಯ ನಡಿಗೆಯೂ ವಾರಗಟ್ಟಲೆ ನಿಂತಿತು. ಮತ್ತೆ ಬಂದಾಗ ನಾನು ಹೇಳಿದ್ದಿಷ್ಟೇ: ಗೆಳತಿ ಬರುವವರೆಗೆ ಕಾಯಬೇಡಿ, ಕೆರೆ ಏರಿಯ ಮೇಲೆ ದಿನಾ ಎದುರಾಗುವವರ ಪೈಕಿ ನಿಮ್ಮ ಹೆಜ್ಜೆಗೆ ಹೊಂದುವವರನ್ನು ಮಾತಾಡಿಸಿ. ಒಬ್ಬರು ಸಿಕ್ಕಿದ್ದಾರೆ, ನಿವೃತ್ತ ಟೀಚರ್. ಗೆಳತಿ ವಾಪಸಾದ ಮೇಲೆ ಮೂವರೂ ಒಟ್ಟಿಗೆ ನಡೆಯುವ ಯೋಚನೆಯಿದೆ.