ಮಗಳದೇನು ತಪ್ಪು?

ಶಿವಮೊಗ್ಗದ ಓದುಗರೊಬ್ಬರ ಮಗಳು ಬೆಂಗಳೂರಿನ ಕ್ರಿಕೆಟ್ ಪಂದ್ಯಕ್ಕೆ 2,500 ರೂಪಾಯಿಯ ಟಿಕೆಟನ್ನು ಅಪರಿಚಿತನಿಂದ 8,000ಕ್ಕೆ ಕೊಂಡಳು. ಗೇಟಿನಲ್ಲಿ ನೋಡಿದರೆ ಆ ಟಿಕೆಟ್ ಆಗಲೇ ಬಳಕೆಯಾಗಿತ್ತು. 'ಬೇಡಿಕೆ ಇದ್ದಲ್ಲಿ ಬೆಲೆ ಏರುತ್ತದೆ, ಆಸೆಪಟ್ಟು ಕೊಂಡದ್ದು ನಮ್ಮದೇ ತಪ್ಪು, ಕಾನೂನಿಗೆ ಇದರಲ್ಲೇನು ಕೆಲಸ?' ಎಂದು ಅವರು ಕೇಳಿದ್ದಾರೆ.

ಮಾನ್ಯರೇ, ಮಗಳ ತಪ್ಪಿಲ್ಲವೆಂದು ನೀವೇ ಮೊದಲು ಅವಳಿಗೆ ಹೇಳಬೇಕಿತ್ತು. ಜ್ವರ ಬಂದು ಮಲಗಿದವರು ತಮ್ಮ ಟಿಕೆಟನ್ನು ಕೊಂಡ ಬೆಲೆಗೇ ಇನ್ನೊಬ್ಬರಿಗೆ ದಾಟಿಸುವುದು ನ್ಯಾಯವೇ. ಆದರೆ ನೋಡುವ ಉದ್ದೇಶವೇ ಇಲ್ಲದೆ ಹತ್ತಾರು ಟಿಕೆಟ್ ಬಾಚಿಕೊಂಡು, ಕೊರತೆಯನ್ನು ತಾನೇ ಹುಟ್ಟಿಸಿ, ಆ ಕೊರತೆಗೇ ಬೆಲೆ ಕಟ್ಟುವವನನ್ನು ವ್ಯಾಪಾರಿಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನ ಕಾಲೇಜು ದಿನಗಳಲ್ಲಿ ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಹೌಸ್‌ಫುಲ್ ಬೋರ್ಡು ಬಿದ್ದೊಡನೆ ಬ್ಲ್ಯಾಕ್ ಟಿಕೆಟಿನವರು ಪಕ್ಕಕ್ಕೆ ಬಂದು 'ಬಾಲ್ಕನಿ, ಬಾಲ್ಕನಿ' ಎಂದು ಪಿಸುಗುಡುತ್ತಿದ್ದರು. ಅವರ ಕೈಯಲ್ಲಿದ್ದ ಬಣ್ಣದ ಚೀಟಿಯನ್ನು ಒಬ್ಬನಿಗಷ್ಟೇ ಮಾರಬಹುದಿತ್ತು. ಈಗ ಒಂದೇ ಕ್ಯೂಆರ್ ಕೋಡನ್ನು ಹತ್ತು ಮಂದಿಯ ವಾಟ್ಸಾಪಿಗೆ ಕಳಿಸಬಹುದು. ಮೊದಲು ಗೇಟು ಮುಟ್ಟಿದವರು ಒಳಗೆ, ಉಳಿದವರೆಲ್ಲ ನಿಮ್ಮ ಮಗಳಂತೆ ಹೊರಗೆ.

2024ರ ಸೆಪ್ಟೆಂಬರಿನಲ್ಲಿ ಕೋಲ್ಡ್‌ಪ್ಲೇ ಸಂಗೀತ ತಂಡದ ಮುಂಬೈ ಕಾರ್ಯಕ್ರಮಗಳ ಟಿಕೆಟುಗಳು 2,500ರಿಂದ 35,000 ರೂಪಾಯಿಗೆ ಬಿಡುಗಡೆಯಾದವು. ಸ್ವಲ್ಪ ಹೊತ್ತಿಗೆಲ್ಲ ಮರುಮಾರಾಟದ ತಾಣಗಳಲ್ಲಿ ಬೆಲೆ ಲಕ್ಷ ದಾಟಿತ್ತು. ಕಾನೂನಿಗೆ ಕೆಲಸವಿದೆಯೆಂದೇ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮು ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದನ್ನು ಕಳ್ಳತನ, ವಂಚನೆಗಳ ಸಾಲಿನಲ್ಲೇ ಇಟ್ಟಿದೆ. ಒಂಟಿಯಾಗಿ ಮಾರುವವನು ಇದರಿಂದ ನುಣುಚಿಕೊಳ್ಳುತ್ತಾನೆಂಬುದು ನನ್ನ ಕೊರಗು.

ಅಧಿಕೃತ ಬಾಗಿಲಲ್ಲೂ ಜೇಬಿಗೆ ಕತ್ತರಿ ತಪ್ಪಿದ್ದಲ್ಲ. ಈಚೆಗೆ ನಾಟಕವೊಂದಕ್ಕೆ ಒಟ್ಟು 400 ರೂಪಾಯಿಗೆ ಎರಡು ಟಿಕೆಟ್ ಆರಿಸಿದೆ. ಹಣ ಕಟ್ಟುವ ಹೊತ್ತಿಗೆ 60 ರೂಪಾಯಿ ಅನುಕೂಲ ಶುಲ್ಕ, ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ ಮೊತ್ತ 470 ರೂಪಾಯಿ 80 ಪೈಸೆಯಾಯಿತು. ಪ್ರದರ್ಶನ ರದ್ದಾದಾಗ 400 ಮರಳಿತು, 70 ರೂಪಾಯಿ 80 ಪೈಸೆ ಮರಳಲಿಲ್ಲ. ಬೆಲೆಯನ್ನು ಹೀಗೆ ಕೊನೆಗಳಿಗೆಯಲ್ಲಿ ಬಯಲು ಮಾಡುವುದನ್ನು 2023ರ ನವೆಂಬರಿನ ಕೇಂದ್ರ ಮಾರ್ಗಸೂಚಿಯೇ ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿದೆ. ಕಿಟಕಿಯಲ್ಲಿ ನೋಟು ಕೊಟ್ಟು ಚೀಟಿ ಪಡೆಯುವ ಕೌಂಟರುಗಳು ಒಂದೊಂದಾಗಿ ಮುಚ್ಚಿ, ಸ್ಮಾರ್ಟ್‌ಫೋನಿಲ್ಲದ ಹಿರಿಯರಿಗೆ ಕ್ರೀಡಾಂಗಣವೇ ದೂರವಾಗುತ್ತಿರುವಾಗ ಇದನ್ನು ಯಾರ ಅನುಕೂಲವೆನ್ನೋಣ?

ಮಗಳ ಬಳಿ ಯುಪಿಐ ರಸೀದಿಯೂ ಮಾರಿದವನ ವಾಟ್ಸಾಪ್ ಸಂದೇಶಗಳೂ ಇದ್ದರೆ ಅಳಿಸಬೇಡಿರೆಂದು ಹೇಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇಂದೇ ಕರೆ ಮಾಡಿಸಿ.