ಮಗ ಕಳಿಸಿದ ಚಾಕು

ಪ್ರಶ್ನೆ: ಸ್ವೀಡನ್ನಿನಲ್ಲಿರುವ ಮಗ ಅಲ್ಲಿನ ಕಮ್ಮಾರರೊಬ್ಬರಿಂದ ಹೇಳಿ ಮಾಡಿಸಿದ ಚಾಕು ಕಳಿಸಿದ್ದಾನೆ. ನಿಂಬೆಹಣ್ಣು ಹೆಚ್ಚಿದ್ದೇ ತಡ, ಅಲಗು ಕಪ್ಪಾಯಿತು. ಹಾಳಾಯಿತೇ?
– ಗೃಹಿಣಿ, ಶಿರಸಿ

ಉತ್ತರ: ಇಲ್ಲಮ್ಮ, ಹಾಳಾಗಿಲ್ಲ. ಅದು ಕಾರ್ಬನ್ ಉಕ್ಕು. ಹುಳಿ ತಾಗಿದರೆ ಬಣ್ಣ ತಿರುಗುತ್ತದೆ. ನಿಮ್ಮ ಕಡೆಯ ಮೆಟ್ಟುಗತ್ತಿಯೂ (ಈಳಿಗೆಮಣೆ) ಹಾಗೇ ಅಲ್ವಾ? ಬಳಸಿದ ಕೂಡಲೇ ತೊಳೆದು ಒರೆಸಿ, ತೊಟ್ಟು ಎಣ್ಣೆ ಸವರಿ. ಮಳೆಗಾಲದಲ್ಲಿ ಚರ್ಮದ ಒರೆಯೊಳಗೆ ಜಾಸ್ತಿ ದಿನ ಇಡಬೇಡಿ, ತುಕ್ಕು ಹಿಡಿಯುತ್ತದೆ.

ಒಮ್ಮೆ ಅಲಗನ್ನು ಬೆಳಕಿಗೆ ಹಿಡಿದು ನೋಡಿ. ಆ ನಾಡಿನ ಚಾಕುಗಳಲ್ಲಿ ಸಾಮಾನ್ಯವಾಗಿ ಎರಡೂ ಬದಿಗೆ ಅಗಲವಾದ ಒಂದೊಂದೇ ಇಳಿಜಾರು, ಹರಿತದ ಅಂಚಿನವರೆಗೂ ನೇರವಾಗಿ. ಮಸೆಯುವಾಗ ಅದನ್ನೇ ಪೂರ್ತಿಯಾಗಿ ಕಲ್ಲಿಗೆ ಒರಗಿಸಿ. ಕೋನ ತಾನಾಗಿ ಸಿಗುತ್ತದೆ! ನನ್ನ ಚಾಕುವನ್ನು ಹೀಗೆ ಮಸೆಯುವಾಗಲೆಲ್ಲ ಆ ಕೈಕೆಲಸಕ್ಕೆ ಮನಸ್ಸು ತುಂಬಿ ಬರುತ್ತದೆ. ಸುಮ್ನೆ ಷೋಕೇಸಿನಲ್ಲಿ ಇಡಬೇಡಿ, ದಿನಾ ಬಳಸಿ.